ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸುವ ಕಂಪ್ಯೂಟರ್

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. 2021ರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಇಂಟೆಲ್ ಕೋರ್ ಐ5 10400 ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ನಾನು ಕಾಲೇಜಿನ ಕೆಲಸಕ್ಕೆ ಬಳಸುತ್ತೇನೆ, ತಮ್ಮ ಆಟ ಆಡುತ್ತಾನೆ. ಈ ಮಳೆಗಾಲದಿಂದ ಆನ್ ಮಾಡಿದರೆ ಕೈಗೆ ಸಿಗಲು ಏಳೆಂಟು ನಿಮಿಷ ಬೇಕು. ಆಟ ಮೊದಲು ಸೆಕೆಂಡಿಗೆ 60 ಫ್ರೇಮ್‌ನಲ್ಲಿ (ಪರದೆಯ ಮೇಲೆ 60 ಚಿತ್ರಗಳಂತೆ) ಓಡುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ 20ಕ್ಕೆ ಇಳಿಯುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆವು. ಒಂದು ವಾರ ಸರಿಯಾಗಿದ್ದು ಮತ್ತೆ ಅದೇ ಕಥೆ. ಈಗ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಇದೇ ಯಂತ್ರವನ್ನು ನಮ್ಮ ಜೊತೆಯಲ್ಲೇ ಕೊಂಡ ಶಿರಸಿಯ ಚಿಕ್ಕಪ್ಪನ ಮನೆಯಲ್ಲಿ ಯಾವ ತೊಂದರೆಯೂ ಇಲ್ಲ. ನಮ್ಮದು ಮೇಜಿನ ಕೆಳಗಿನ ಕಪಾಟಿನಲ್ಲಿದೆ, ಧೂಳು ಬೀಳದಂತೆ ಅಮ್ಮ ಬಟ್ಟೆಯ ಹೊದಿಕೆ ಹೊಲಿದು ಹಾಕಿದ್ದಾರೆ. ಕಾರ್ಡ್ ಬದಲಿಸಬೇಕೇ?

ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ಮೂರನೆಯ ಸಲ ಫಾರ್ಮ್ಯಾಟ್ ಮಾಡಿಸುವುದೂ ಬೇಡ. ಕಾಯಿಲೆಯ ಅರ್ಧ ಗುಟ್ಟು ನಿಮ್ಮ ಪತ್ರದಲ್ಲೇ ಇದೆ. ಶಕ್ತಿ ಸಾಲದ ಗ್ರಾಫಿಕ್ಸ್ ಕಾರ್ಡ್ ಆಟದ ಮೊದಲ ನಿಮಿಷದಿಂದಲೇ ಸೋಲುತ್ತದೆ. ನಿಮ್ಮ ಯಂತ್ರ ಹಾಗಲ್ಲ, ಹತ್ತು ನಿಮಿಷ ತಕರಾರಿಲ್ಲದೆ ಓಡಿ ಆಮೇಲೆ ಬೀಳುತ್ತದೆ. ಹೀಗಾದಾಗ ಮೊದಲು ಅನುಮಾನಿಸಬೇಕಾದದ್ದು ಬಿಸಿಯನ್ನು.

ಆನ್ ಆಗಲು ಏಳೆಂಟು ನಿಮಿಷ ಹಿಡಿಯುವುದು ಬೇರೆಯದೇ ಕಾಯಿಲೆ. ಬೆಳಿಗ್ಗೆ ಆನ್ ಮಾಡುವಾಗ ಯಂತ್ರ ತಣ್ಣಗಿರುತ್ತದೆ, ಅಲ್ಲಿ ಬಿಸಿಯ ಮೇಲೆ ದೂರು ಹೊರಿಸುವಂತಿಲ್ಲ. ಅದು ಹಾರ್ಡ್ ಡಿಸ್ಕ್‌ನ ಲಕ್ಷಣ. ಎರಡನ್ನೂ ಸೇರಿಸಿ ‘ಕಂಪ್ಯೂಟರ್ ಸ್ಲೋ ಆಗಿದೆ’ ಎಂದು ಅಂಗಡಿಯಲ್ಲಿ ಹೇಳಿದರೆ ಅವರಿಗೂ ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಹೊಳೆಯುವುದಿಲ್ಲ. ಯಾವಾಗ ನಿಧಾನ, ಯಾವ ಕೆಲಸದಲ್ಲಿ ನಿಧಾನ, ಎಷ್ಟು ಹೊತ್ತಿನ ಮೇಲೆ ನಿಧಾನ ಎಂದು ಬಿಡಿಸಿ ಹೇಳುವವರ ಕಂಪ್ಯೂಟರ್ ಬೇಗ ರಿಪೇರಿಯಾಗುತ್ತದೆ. ನೀವು ಬಿಡಿಸಿ ಬರೆದಿದ್ದೀರಿ, ಅದಕ್ಕೇ ಇಷ್ಟು ದೂರದಿಂದಲೂ ಉತ್ತರಿಸುವ ಧೈರ್ಯ ನನಗಿದೆ.

ಊಹೆಯ ಮೇಲೆ ಖರ್ಚು ಮಾಡುವ ಮೊದಲು ಅಳೆಯಿರಿ. ಯಂತ್ರದೊಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನು ತೋರಿಸುತ್ತದೆ, ಪ್ರೊಸೆಸರ್‌ನ ಬಿಸಿಯನ್ನು ತೋರಿಸುವುದಿಲ್ಲ. ಅದಕ್ಕಾಗಿ ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಸೆನ್ಸರ್ ಪಟ್ಟಿಯನ್ನು ತೆರೆದಿಟ್ಟು, ತಮ್ಮನಿಗೆ ಇಪ್ಪತ್ತು ನಿಮಿಷ ಆಡಲು ಹೇಳಿ. ಫ್ರೇಮ್ ಬಿದ್ದ ಕೂಡಲೇ ಆಟದಿಂದ ಹೊರಬಂದು ಮೂರು ಸಾಲುಗಳನ್ನು ನೋಡಿ: ಪ್ರೊಸೆಸರ್‌ನ ಗರಿಷ್ಠ ಬಿಸಿ, ಆಟ ನಡೆಯುತ್ತಿದ್ದಾಗ ಅದು ಓಡಿದ ಕನಿಷ್ಠ ವೇಗ (ಸುಮ್ಮನಿರುವಾಗಲೂ ವೇಗ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ), ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದಾಗಿ ವೇಗ ಇಳಿಸುವುದು) ಎಂಬ ಸಾಲಿನ ಮುಂದೆ ‘ಯೆಸ್’ ಬಿದ್ದಿದೆಯೋ ‘ನೋ’ ಬಿದ್ದಿದೆಯೋ. ಮೂರನ್ನೂ ಕಾಗದದ ಮೇಲೆ ಬರೆದಿಡಿ, ರಿಪೇರಿಯಾದ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಐ5 10400ಗೆ ಇಂಟೆಲ್ ಹಾಕಿರುವ ಬಿಸಿಯ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. 4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಓಡುತ್ತಿದ್ದುದು 2ಕ್ಕೆ, ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ತುಸು ತಣ್ಣಗಾದ ಮೇಲೆ ಏರುತ್ತದೆ, ಮತ್ತೆ ಬಿಸಿಯಾಗಿ ಇಳಿಯುತ್ತದೆ. ನಿಮ್ಮ ತಮ್ಮನಿಗೆ ಪರದೆಯ ಮೇಲೆ ಕಾಣುವ ಮುಗ್ಗರಿಕೆ ಈ ಏರಿಳಿತದ್ದೇ ಎಂಬುದು ನನ್ನ ಬಲವಾದ ಅನುಮಾನ. ಆಟದ ಹೊತ್ತಿನಲ್ಲಿ 65ರಿಂದ 80 ಡಿಗ್ರಿ ನಮ್ಮ ಕರಾವಳಿಯ ಸೆಕೆಯಲ್ಲಿ ಸಹಜ. 90 ದಾಟಿದರೆ ಯಂತ್ರವನ್ನು ಬಿಚ್ಚಲೇಬೇಕು. ಒಂದು ಮಾತು ನೆನಪಿರಲಿ. ಈ ಪ್ರೊಸೆಸರ್ ಜೋರಾದ ಕೆಲಸದ ಮೊದಲ ಸುಮಾರು ಅರ್ಧ ನಿಮಿಷ ಹೆಚ್ಚು ವಿದ್ಯುತ್ ಎಳೆದು, ಆಮೇಲೆ 65 ವ್ಯಾಟ್‌ಗೆ ಇಳಿಯುವಂತೆ ಇಂಟೆಲ್ ಕಂಪನಿಯೇ ರೂಪಿಸಿದೆ. ಹಾಗಾಗಿ ಆರಂಭದಲ್ಲಿ ವೇಗ ಕೊಂಚ ತಗ್ಗಿದರೆ ಗಾಬರಿ ಬೇಡ. ಅರ್ಧಕ್ಕರ್ಧ ಬಿದ್ದರೆ ಮಾತ್ರ ಕಾಯಿಲೆ.

ಇನ್ನು ಶಿರಸಿಯ ಚಿಕ್ಕಪ್ಪನ ಯಂತ್ರದ ಮಾತು. ಅದು ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಮ್ಮ ಕಾರ್ಡ್ ಕೆಟ್ಟಿದೆ ಎಂದಲ್ಲ. ಘಟ್ಟದ ಮೇಲಿನ ಊರು ಕಾರವಾರಕ್ಕಿಂತ ತಂಪು. ಪ್ರೊಸೆಸರ್‌ನ ಮೇಲಿನ ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 25 ಡಿಗ್ರಿ ಇದ್ದಾಗ 75ಕ್ಕೆ ನಿಲ್ಲುವ ಪ್ರೊಸೆಸರ್, 32 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 82ರ ಹತ್ತಿರ ಹೋಗುತ್ತದೆ. ನಿಮ್ಮ ಪೆಟ್ಟಿಗೆ ಕುಳಿತಿರುವುದು ಕೋಣೆಯಲ್ಲೂ ಅಲ್ಲ, ಕಪಾಟಿನೊಳಗೆ. ತಾನೇ ಹೊರಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಳ್ಳುತ್ತಿದೆ, ಅದರ ಮೇಲೆ ಬಟ್ಟೆಯ ಹೊದಿಕೆ ಬೇರೆ. ಅಮ್ಮನ ಕಾಳಜಿಗೆ ಕೈ ಮುಗಿಯುತ್ತೇನೆ. ಆದರೆ ಹೊದಿಕೆ ಯಂತ್ರ ಆಫ್ ಆಗಿ ತಣಿದ ಮೇಲಷ್ಟೇ ಇರಲಿ, ಆನ್ ಮಾಡುವ ಮೊದಲು ತೆಗೆದಿಡಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಉಪ್ಪಿನದು. ಕೋಡಿಬಾಗವೆಂದರೆ ಕಾಳಿ ನದಿ ಸಮುದ್ರ ಸೇರುವ ಜಾಗ. ಅಲ್ಲಿ ಕಿಟಕಿಯ ಸರಳು ಬಣ್ಣ ಹೊಡೆದ ಮರುವರ್ಷವೇ ಕೆಂಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದಕ್ಕೂ ಮೊದಲೇ ಪಸೆಯಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪು ನೀರೊಡೆಯುವುದಕ್ಕೆ ಕಾರಣ ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿ ಹೆಚ್ಚಿನ ಹೊತ್ತು ಈ ಮಿತಿಯ ಮೇಲೆಯೇ ಇರುತ್ತದೆ. ಫ್ಯಾನ್ ಎಳೆದುಕೊಂಡ ಧೂಳಿನ ಜೊತೆ ಈ ಪಸೆಯ ಉಪ್ಪು ಸೇರಿದರೆ ಅದು ಒಣಧೂಳಾಗಿ ಉಳಿಯುವುದಿಲ್ಲ, ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲೇ ನಿಮ್ಮ ಯಂತ್ರ ಕೈಕೊಟ್ಟಿದ್ದು ಆಕಸ್ಮಿಕವಲ್ಲ. ಶಿರಸಿಯಲ್ಲೂ ಮಳೆ ಧಾರಾಳ, ಬೂಷ್ಟೂ ಬರುತ್ತದೆ, ಆದರೆ ಅಲ್ಲಿ ಕಡಲ ಉಪ್ಪಿನ ಕಾಟವಿಲ್ಲ.

ಫಾರ್ಮ್ಯಾಟ್ ಆದ ಮೇಲೆ ಒಂದು ವಾರ ಚೆನ್ನಾಗಿತ್ತು ಎಂದಿರಿ. ಅಂಗಡಿಯಲ್ಲಿ ಪೆಟ್ಟಿಗೆ ತೆರೆದು ಬ್ಲೋವರ್ ಹೊಡೆದಿರುತ್ತಾರೆ. ಮೇಲುಮೇಲಿನ ಧೂಳು ಹಾರಿಹೋಗಿ ಕೆಲವು ದಿನ ಉಸಿರಾಡಿರುತ್ತದೆ. ಹೊಸದಾಗಿ ಹಾಕಿದ ವಿಂಡೋಸ್ ಖಾಲಿ ಡಿಸ್ಕ್‌ನ ಮೇಲೆ ಚುರುಕಾಗಿಯೇ ಇರುತ್ತದೆ. ಎರಡರ ಶ್ರೇಯಸ್ಸೂ ಫಾರ್ಮ್ಯಾಟ್‌ಗೆ ಹೋಯಿತು. ಮೆತ್ತಿಕೊಂಡ ಪದರ ಮಾತ್ರ ಬ್ಲೋವರ್‌ಗೆ ಜಗ್ಗದೆ ಅಲ್ಲೇ ಉಳಿದಿದೆ.

ಈಗ ಬಿಚ್ಚುವ ಕೆಲಸ. ನೀವೇ ಮಾಡಬಹುದು, ಹೆದರಬೇಡಿ. ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಕ್ಯಾಬಿನೆಟ್‌ನ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಂಡು ಶುರು ಮಾಡಿ. ಕಿಟಕಿಯ ಬೆಳಕಿಗೆ ಪೆಟ್ಟಿಗೆಯನ್ನು ಮಲಗಿಸಿ, ಎಡಗಡೆಯ ಮುಚ್ಚಳ ತೆಗೆಯಿರಿ. ನಡುವೆ ದುಂಡಗಿನ ಕೂಲರ್ ಕಾಣುತ್ತದೆ, ಮೇಲೆ ಫ್ಯಾನ್, ಕೆಳಗೆ ಸುತ್ತಲೂ ಹರಡಿದ ತೆಳು ಅಲ್ಯೂಮಿನಿಯಂ ತಗಡುಗಳು. ಫ್ಯಾನ್ ತಿರುಗುತ್ತಿದೆಯಲ್ಲ ಎಂದು ಎಷ್ಟೋ ಮಂದಿ ಮುಚ್ಚಳ ಹಾಕಿಬಿಡುತ್ತಾರೆ. ನೋಡಬೇಕಾದದ್ದು ಫ್ಯಾನನ್ನಲ್ಲ, ಅದರ ಎಲೆಗಳ ಸಂದಿಯಿಂದ ಕೆಳಗಿನ ತಗಡುಗಳನ್ನು. ಟಾರ್ಚ್ ಬಿಟ್ಟು ನೋಡಿ. ತಗಡುಗಳ ನಡುವೆ ಕಂಬಳಿಯ ತುಂಡಿನಂತಹ ಬೂದು ಪದರ ಕೂತಿದ್ದರೆ, ತಗಡಿನ ಅಂಚಿನಲ್ಲಿ ಬಿಳಿ ಪುಡಿ ಎದ್ದಿದ್ದರೆ, ಗಾಳಿ ಒಳಗೆ ಹೋಗುತ್ತಲೇ ಇಲ್ಲ ಎಂದು ತಿಳಿಯಿರಿ. ಬಿಳಿ ಪುಡಿ ಅಲ್ಯೂಮಿನಿಯಂ ತಿಂದುಹೋದದ್ದರ ಗುರುತು. ತಾಮ್ರವಿರುವ ಕಡೆ ಹಸಿರು ಕಿಲುಬು ಹಿಡಿದಿರುತ್ತದೆ.

ಕೂಲರ್ ಅನ್ನು ಕೀಳುವ ಮೊದಲು ಅದರ ನಾಲ್ಕು ಕಾಲುಗಳನ್ನು ಪರೀಕ್ಷಿಸಿ. ಪ್ರೊಸೆಸರ್ ಜೊತೆಗೆ ಡಬ್ಬಿಯಲ್ಲಿ ಬಂದ ಇಂಟೆಲ್ ಕೂಲರ್ ಆಗಿದ್ದರೆ ಅದು ಸ್ಕ್ರೂ ಮೇಲೆ ನಿಂತಿರುವುದಿಲ್ಲ, ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ಮೇಲೆ ನಿಂತಿರುತ್ತದೆ. ಬಲಗಡೆಯ ಮುಚ್ಚಳವನ್ನೂ ತೆಗೆದು ಮದರ್‌ಬೋರ್ಡಿನ ಬೆನ್ನನ್ನು ನೋಡಿದರೆ, ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಅಲ್ಲೊಂದು ಕಿಂಡಿ ಇರುತ್ತದೆ. ಆ ಕಿಂಡಿಯಲ್ಲಿ ಸೀಳಿದ ಬಿಳಿ ಪ್ಲಾಸ್ಟಿಕ್ ತುದಿಗಳು ನಾಲ್ಕೂ ತೂತುಗಳಿಂದ ಹೊರಬಂದು, ನಡುವೆ ಕಪ್ಪು ಕಡ್ಡಿ ತೂರಿ, ಅಗಲವಾಗಿ ಬಿರಿದು ನಿಂತಿರಬೇಕು. ಮೂರು ಬಿರಿದು ಒಂದು ಮಾತ್ರ ಮುಚ್ಚಿಕೊಂಡಿದ್ದರೆ ಕಳ್ಳ ಸಿಕ್ಕಂತೆ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿದೆ, ಪ್ರೊಸೆಸರ್‌ಗೂ ಅದಕ್ಕೂ ಪೂರ್ತಿ ಸ್ಪರ್ಶವಿಲ್ಲ. ಎದುರಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ, ಫ್ಯಾನ್ ಗಿರ‍್ರನೆ ತಿರುಗುತ್ತಲೇ ಇರುತ್ತದೆ. ಅವಸರದಲ್ಲಿ ಶುಚಿ ಮಾಡಿ ಜೋಡಿಸಿದ ಯಂತ್ರಗಳಲ್ಲಿ ಇದು ಬಹಳ ಸಾಮಾನ್ಯ.

ಬಿಚ್ಚಲು ಪ್ರತಿಯೊಂದು ಪಿನ್‌ನ ತಲೆಯನ್ನು ಅದರ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆಯಿರಿ. ಫ್ಯಾನ್‌ನ ತಂತಿಯನ್ನು ಬೋರ್ಡಿನಿಂದ ಕೀಳಲು ಮರೆಯಬೇಡಿ. ಕೂಲರ್ ಅಂಟಿಕೊಂಡಿದ್ದರೆ ಎಳೆದಾಡದೆ ಮೆಲ್ಲನೆ ಎಡಕ್ಕೆ ಬಲಕ್ಕೆ ತಿರುಚಿ. ಹೊರಗೆ ತಂದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಗಡುಗಳ ಸಂದಿಯನ್ನೆಲ್ಲ ಉಜ್ಜಿ ಆಮೇಲೆ ಗಾಳಿ ಹೊಡೆಯಿರಿ. ಗಾಳಿ ಹೊಡೆಯುವಾಗ ಫ್ಯಾನ್‌ನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು, ಬಿಟ್ಟರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್‌ನ ಮೇಲೆ ಒಣಗಿ ಸುಣ್ಣದಂತಾದ ಹಳೆಯ ಥರ್ಮಲ್ ಪೇಸ್ಟನ್ನು (ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ನಟ್ಟನಡುವೆ ಬಟಾಣಿ ಕಾಳಿಗಿಂತ ಚಿಕ್ಕದಾದ ಒಂದು ಹನಿ ಹೊಸ ಪೇಸ್ಟ್ ಇಡಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದಿಲ್ಲ. ಬಾಣದ ದಿಕ್ಕಿಗೆ ತಿರುಗಿಸಿದ್ದ ಪಿನ್‌ಗಳನ್ನೆಲ್ಲ ಹಿಂದಿನ ಸ್ಥಿತಿಗೆ ತಂದು, ಕೂಲರ್ ಕೂರಿಸಿ, ಒಂದನ್ನು ಒತ್ತಿದ ಮೇಲೆ ಅದರ ಕರ್ಣದ ಎದುರಿನದನ್ನು ಒತ್ತಿ. ಪ್ರತಿಯೊಂದಕ್ಕೂ ‘ಟಕ್’ ಎಂಬ ಸದ್ದು ಕೇಳಬೇಕು. ಮುಚ್ಚಳ ಹಾಕುವ ಮೊದಲು ಬೆನ್ನಿನ ಕಿಂಡಿಯಲ್ಲಿ ನಾಲ್ಕೂ ತುದಿಗಳನ್ನು ಮತ್ತೆ ನೋಡಿ, ಫ್ಯಾನ್ ತಂತಿಯನ್ನು ಸಿಕ್ಕಿಸಿ.

ಗ್ರಾಫಿಕ್ಸ್ ಕಾರ್ಡಿನ ತಗಡುಗಳನ್ನೂ ಇದೇ ರೀತಿ ಬ್ರಷ್ ಮಾಡಿ, ಅದರ ಕೂಲರ್ ಅನ್ನು ಬಿಚ್ಚುವ ಅಗತ್ಯ ಸದ್ಯಕ್ಕಿಲ್ಲ. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರುತ್ತದೆ.

ಮತ್ತೆ ಅದೇ ಆಟವನ್ನು ಇಪ್ಪತ್ತು ನಿಮಿಷ ಆಡಿಸಿ, ಮೊದಲು ಬರೆದಿಟ್ಟ ಅಂಕಿಗಳ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಈ ಸಲ ಪೆಟ್ಟಿಗೆ ಕಪಾಟಿನ ಹೊರಗೆ, ಗೋಡೆಯಿಂದ ಒಂದು ಗೇಣು ದೂರದಲ್ಲಿರಲಿ. ಸಮುದ್ರದ ಕಡೆಯ ಕಿಟಕಿಯ ಬುಡದಲ್ಲಿ ಮಾತ್ರ ಬೇಡ.

ಹಾರ್ಡ್ ಡಿಸ್ಕ್‌ನ ವಿಷಯಕ್ಕೆ ಬರೋಣ. ನಿಮ್ಮ ದಿನನಿತ್ಯದ ಬಳಕೆಗೆ ಆಟಕ್ಕಿಂತ ಇದೇ ಮುಖ್ಯ. ಕಂಪ್ಯೂಟರ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಎಂಬಲ್ಲಿ ಶೇಕಡ 100 ಎಂದು ತೋರಿಸುತ್ತ, ಅದೇ ಹೊತ್ತಿಗೆ ವೇಗ ಸೆಕೆಂಡಿಗೆ ಒಂದೆರಡು ಮೆಗಾಬೈಟ್ ಮಾತ್ರ ಇದ್ದರೆ, ಪ್ರೊಸೆಸರ್ ಕೈಕಟ್ಟಿ ಡಿಸ್ಕ್‌ಗಾಗಿ ಕಾಯುತ್ತಿದೆ ಎಂದರ್ಥ. ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆ ತಿರುಗಬೇಕು, ಮುಳ್ಳು ಸರಿಯಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೂ ಚದುರಿದ ಒಂದೊಂದು ತುಣುಕನ್ನು ಹುಡುಕಲು ಹತ್ತು ಮಿಲಿಸೆಕೆಂಡಿನ ಮೇಲೆಯೇ ಬೇಕು. ಅಂದರೆ ಸೆಕೆಂಡಿಗೆ ನೂರರೊಳಗೆ. ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಸೆಕೆಂಡಿಗೆ ಹತ್ತಾರು ಸಾವಿರ ತುಣುಕುಗಳನ್ನು ಕೊಡುತ್ತದೆ. ವಿಂಡೋಸ್ ಏಳುವಾಗ ಓದುವುದು ಇಂಥ ಸಾವಿರಾರು ಚಿಕ್ಕ ಕಡತಗಳನ್ನೇ. ಹಾಗಾಗಿ ಇಡೀ ಯಂತ್ರದಲ್ಲಿ ಹಣ ಹಾಕಲೇಬೇಕಾದ ಭಾಗ ಯಾವುದು ಎಂದು ಕೇಳಿದರೆ ನಾನು ಎಸ್‌ಎಸ್‌ಡಿಯನ್ನೇ ತೋರಿಸುತ್ತೇನೆ. ವಿಂಡೋಸ್‌ಗೂ ತಮ್ಮನ ಒಂದೆರಡು ಆಟಕ್ಕೂ 500 ಜಿಬಿ ಸಾಕು. ಬೋರ್ಡಿನಲ್ಲಿ ಎಂ.2 ಎಂಬ ಕಿಂಡಿ ಇದ್ದರೆ ಅದರಲ್ಲಿ ನೇರವಾಗಿ ಕೂರುವ ಎನ್‌ವಿಎಂಇ ಮಾದರಿ ಕೊಳ್ಳಿ. ಇಲ್ಲದಿದ್ದರೆ ಕೇಬಲ್‌ನಿಂದ ಜೋಡಿಸುವ ಸಾಟಾ ಮಾದರಿ ತನ್ನಿ, ಅದೂ ಸೆಕೆಂಡಿಗೆ 500 ಮೆಗಾಬೈಟ್ ದಾಟುತ್ತದೆ. ದಿನಬಳಕೆಯಲ್ಲಿ ಎರಡರ ನಡುವಿನ ಅಂತರಕ್ಕಿಂತ ಹಾರ್ಡ್ ಡಿಸ್ಕ್‌ಗೂ ಸಾಟಾ ಎಸ್‌ಎಸ್‌ಡಿಗೂ ನಡುವಿನ ಅಂತರವೇ ನಿಮಗೆ ಕಾಣುವುದು.

ಆದರೆ ಅದಕ್ಕೂ ಮೊದಲು ನಿಮ್ಮ ಪ್ರಾಜೆಕ್ಟ್ ವರದಿ, ಫೋಟೊ, ಅಂಕಪಟ್ಟಿಯ ಪ್ರತಿಗಳನ್ನು ಇವತ್ತೇ ಬೇರೆ ಕಡೆ ನಕಲು ಮಾಡಿ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ‘ರಾ ವ್ಯಾಲ್ಯೂಸ್’ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ತಟ್ಟೆಯ ಮೇಲೆ ಕೆಟ್ಟ ಜಾಗಗಳಾಗಿವೆ. ಅಂಥ ಡಿಸ್ಕ್ ಓದಲಾಗದ ತುಣುಕನ್ನು ಮತ್ತೆ ಮತ್ತೆ ಓದಲು ಹೆಣಗುತ್ತ ಇಡೀ ಯಂತ್ರವನ್ನು ನಿಲ್ಲಿಸಿಡುತ್ತದೆ. ಇದನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಗುಣವಾಗದು, ನಂಬಿ ಇಟ್ಟುಕೊಳ್ಳಲೂಬಾರದು. ಸಿ7 ಎಂಬ ಸಾಲು ನಮ್ಮ ಕರಾವಳಿಯವರು ವಿಶೇಷವಾಗಿ ನೋಡಬೇಕಾದದ್ದು. ಡಿಸ್ಕ್‌ಗೂ ಬೋರ್ಡಿಗೂ ನಡುವಿನ ಕೇಬಲ್‌ನಲ್ಲಿ ಮಾಹಿತಿ ಕೆಟ್ಟಾಗಲೆಲ್ಲ ಆ ಅಂಕಿ ಏರುತ್ತದೆ. ಉಪ್ಪುಗಾಳಿಗೆ ಕೇಬಲ್‌ನ ತುದಿ ಮಬ್ಬಾದಾಗ ಹೀಗಾಗುತ್ತದೆ, ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಇಳಿಯುವುದಿಲ್ಲ. ವಾರದ ಮೇಲೆ ಮತ್ತೆ ನೋಡಿ, ಮುಂದಕ್ಕೆ ಏರದಿದ್ದರೆ ಸರಿಹೋಯಿತೆಂದೇ ಅರ್ಥ. ಅಗ್ಗದ ಒಂದು ಸಾಟಾ ಕೇಬಲ್‌ನಲ್ಲಿ ಮುಗಿಯುವ ತೊಂದರೆಗೆ ಜನ ಹೊಸ ಡಿಸ್ಕ್ ಕೊಂಡದ್ದನ್ನು ನೋಡಿ ನನಗೆ ಬೇಸರವಾಗುತ್ತದೆ.

ಎಸ್‌ಎಸ್‌ಡಿ ಬಂದಾಗ ವಿಂಡೋಸ್ ಹೊಸದಾಗಿ ಹಾಕಬೇಕಾಗುತ್ತದೆ, ಈ ಸಲದ ಹೊಸ ಸ್ಥಾಪನೆಗೆ ಅರ್ಥವಿದೆ. ಇನ್ನೂ ವಿಂಡೋಸ್ 10 ಬಳಸುತ್ತಿದ್ದರೆ ಆಗಲೇ 11ಕ್ಕೆ ಹೋಗಿ. 10ರ ಉಚಿತ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ 11ಕ್ಕೆ ಒಪ್ಪುವ ಪೀಳಿಗೆಯದೇ. ಗ್ರಾಫಿಕ್ಸ್ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶ) ಕಾರ್ಡಿನ ಚಿಪ್ ರೂಪಿಸಿದ ಎನ್‌ವಿಡಿಯಾದ ಜಾಲತಾಣದಿಂದಲೇ ಹಾಕಿ. ಫಾರ್ಮ್ಯಾಟ್ ಮಾಡಿದವರು ಡ್ರೈವರ್ ಹಾಕದೆ ಕೊಟ್ಟರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಬದಲು ‘ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಕಾಣುತ್ತದೆ. ಮಾನಿಟರ್‌ನ ಕೇಬಲ್ ಬೋರ್ಡಿನ ಕಿಂಡಿಗಲ್ಲ, ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೆ ಇರಲಿ. ನಿಮಗೆ ಆರಂಭದಲ್ಲಿ 60 ಫ್ರೇಮ್ ಬರುತ್ತಿರುವುದರಿಂದ ಎರಡೂ ಸರಿಯಾಗಿಯೇ ಇರಬೇಕು, ಆದರೂ ಪೆಟ್ಟಿಗೆ ಜೋಡಿಸುವಾಗ ಕಣ್ಣು ಹಾಯಿಸಿ.

ರ‍್ಯಾಮ್ 8 ಜಿಬಿ ಕಾಲೇಜಿನ ಕೆಲಸಕ್ಕೆ ಸಾಕು, ಇಂದಿನ ಆಟಗಳಿಗೆ ಕಡಿಮೆ. ನೀವು ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದಿಟ್ಟು ಎದ್ದಿರುತ್ತೀರಿ, ತಮ್ಮ ಅದನ್ನು ಮುಚ್ಚದೆ ಆಟ ಶುರು ಮಾಡಿರುತ್ತಾನೆ. ಜಾಗ ಸಾಲದೆ ವಿಂಡೋಸ್ ಕೆಲವನ್ನು ಡಿಸ್ಕ್‌ಗೆ ಸಾಗಿಸುತ್ತದೆ, ಆ ಡಿಸ್ಕ್ ಮೊದಲೇ ನಿಧಾನ. ಇದರಿಂದಲೂ ಆಟ ಹೊತ್ತು ಹೋದಂತೆ ಸಿಕ್ಕಿಕೊಳ್ಳುವುದುಂಟು. ಬಿಸಿ ಸರಿಯಾದ ಮೇಲೂ ಮುಗ್ಗರಿಕೆ ಉಳಿದರೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಸಾಲು ನೋಡಿ. ಶೇಕಡ 90ರ ಮೇಲೆ ನಿಂತಿದ್ದರೆ ಇನ್ನೊಂದು 8 ಜಿಬಿ ಹಾಕಿಸಿ. ಎರಡು ಸ್ಟಿಕ್ ಆದಾಗ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ತರುತ್ತದೆ. ಸರಾಸರಿ ಫ್ರೇಮ್‌ಗಿಂತ, ಆಗಾಗ ಪಕ್ಕನೆ ಬೀಳುವ ಫ್ರೇಮ್‌ಗಳು ಇದರಿಂದ ಸುಧಾರಿಸುತ್ತವೆ. ನಿಮ್ಮ ಪ್ರೊಸೆಸರ್‌ಗೆ ಹೇಳಿರುವ ವೇಗ ಡಿಡಿಆರ್4 2666. ಅದಕ್ಕಿಂತ ವೇಗದ್ದೆಂದು ಹೆಚ್ಚು ಹಣ ಕೊಡಬೇಡಿ.

‘ಬೂಸ್ಟರ್’, ‘ಕ್ಲೀನರ್’ ಎಂಬ ಹೆಸರಿನ ತಂತ್ರಾಂಶಗಳನ್ನು ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಇದ್ದಾಗ ಇನ್ನೊಂದು ಆಂಟಿವೈರಸ್ ಬೇಕಿಲ್ಲ. ಕದ್ದ ಪ್ರತಿಯ ಆಟಗಳಿದ್ದರೆ ತಮ್ಮನಿಗೆ ತಿಳಿಹೇಳಿ. ಅವುಗಳ ಜೊತೆ ಗುಟ್ಟಾಗಿ ಕ್ರಿಪ್ಟೊ ಗಣಿಗಾರಿಕೆ ಮಾಡುವ ತಂತ್ರಾಂಶ ಸೇರಿಕೊಂಡು ಪ್ರೊಸೆಸರನ್ನು ಹಗಲಿರುಳು ದುಡಿಸುವುದುಂಟು. ಅಂಥ ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಅಡಗಿಕೊಳ್ಳುತ್ತವೆ. ಏನೂ ಮಾಡದೆ ಕುಳಿತ ಯಂತ್ರದ ಫ್ಯಾನ್ ಜೋರಾಗಿ ಕೂಗುತ್ತಿದ್ದು, ಟಾಸ್ಕ್ ಮ್ಯಾನೇಜರ್ ತೆರೆದರೆ ತಣ್ಣಗಾಗುವುದಾದರೆ ಅದೇ ಸುಳಿವು.

ತಮ್ಮ ಆನ್‌ಲೈನ್ ಆಟ ಆಡುತ್ತಿದ್ದರೆ ಒಂದು ಭೇದ ಕಲಿಸಿಕೊಡಿ. ಚಿತ್ರವೇ ತಡೆತಡೆದು ಬಂದರೆ ಅದು ಫ್ರೇಮ್‌ನ ತೊಂದರೆ, ಯಂತ್ರದ್ದು. ಚಿತ್ರ ನುಣುಪಾಗಿದ್ದು ಎದುರಾಳಿ ಮಾತ್ರ ಇದ್ದಲ್ಲಿಂದ ಇನ್ನೆಲ್ಲಿಗೋ ಜಿಗಿದರೆ ಅದು ಇಂಟರ್ನೆಟ್‌ನದು. ಎರಡನ್ನೂ ‘ಲ್ಯಾಗ್’ ಎಂದೇ ಹುಡುಗರು ಕರೆಯುವುದರಿಂದ ತಪ್ಪು ಜಾಗದಲ್ಲಿ ರಿಪೇರಿ ನಡೆಯುತ್ತದೆ.

ಮಳೆಗಾಲದ ಕರೆಂಟಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಅದನ್ನು ಬಿಟ್ಟು ಮಾತು ಮುಗಿಸುವಂತಿಲ್ಲ. ವೋಲ್ಟೇಜ್ ಕಡಿಮೆಯಾದರೆ ಡೆಸ್ಕ್‌ಟಾಪ್ ನಿಧಾನವಾಗುವುದಿಲ್ಲ, ಓಡುತ್ತದೆ ಅಥವಾ ಪಕ್ಕನೆ ಆರುತ್ತದೆ. ಹಾಗೆ ಪದೇ ಪದೇ ಆರುವುದು ಹಾರ್ಡ್ ಡಿಸ್ಕ್‌ಗೆ ಹಾನಿ, ಆದ್ದರಿಂದ ಯುಪಿಎಸ್ ಬೇಕು. ಎಸ್‌ಎಂಪಿಎಸ್‌ನ ಬೆನ್ನಿಗೆ 115, 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು, ಯಾವ ಕಾರಣಕ್ಕೂ ಮುಟ್ಟಬಾರದು. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗ್ ನೋಡಿಸಿ. ಗುಡುಗಿನ ದಿನ ಪ್ಲಗ್ ಜೊತೆಗೆ ರೂಟರ್‌ನಿಂದ ಬರುವ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬೋರ್ಡಿಗೆ ಬರುತ್ತದೆ.

ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಟ್ಟದೆ ಇಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಓಡಿಸುವುದು ಮೇಲು. ಒಳಗಿನ ಬಿಸಿಗೆ ಪಸೆ ಆರುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಟಿ ಇಡಲು ಯಾರಾದರೂ ಹೇಳಿದರೆ ಇಡಬೇಡಿ. ಫ್ಯಾನ್ ನಿಮಿಷ ನಿಮಿಷಕ್ಕೂ ಹೊಸ ಗಾಳಿ ಎಳೆಯುವ ಕಡೆ ಅದರಿಂದ ಏನೂ ಆಗದು. ಬ್ರಷ್ ಹಿಡಿದು ಶುಚಿ ಮಾಡುವ ಕೆಲಸ ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಆಗಲಿ. ಶಿರಸಿಯ ಚಿಕ್ಕಪ್ಪನಿಗೆ ವರ್ಷಕ್ಕೊಮ್ಮೆ ಸಾಕು.

ಇಷ್ಟೆಲ್ಲ ಆದ ಮೇಲೂ ತಮ್ಮನಿಗೆ ಫ್ರೇಮ್ ಸಾಲದಿದ್ದರೆ ಆಗ ಗ್ರಾಫಿಕ್ಸ್ ಕಾರ್ಡಿನ ಮಾತು. ಅದಕ್ಕೂ ಪರೀಕ್ಷೆ ಇದೆ. ಆಟದ ರೆಸಲ್ಯೂಶನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಚೆನ್ನಾಗಿ ಏರಿದರೆ ತಡೆಯುತ್ತಿರುವುದು ಗ್ರಾಫಿಕ್ಸ್ ಕಾರ್ಡ್, ಏರದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್, ಆಗ ಹೊಸ ಕಾರ್ಡ್ ತಂದರೂ ಪ್ರಯೋಜನವಿಲ್ಲ. ಜಿಟಿಎಕ್ಸ್ 1650ರಲ್ಲಿರುವುದು 4 ಜಿಬಿ ಮೆಮೊರಿ. ಆಟದ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ ಅನ್ನು (ವಸ್ತುಗಳ ಮೇಲ್ಮೈಯ ವಿವರ) ಮಧ್ಯಮಕ್ಕೂ ನೆರಳನ್ನು ಕಡಿಮೆಗೂ ಇಳಿಸಿ, ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ ಆಡಿದರೆ ಎಷ್ಟೋ ಆಟಗಳಿಗೆ ಅದು ಇನ್ನೂ ಸಾಕು, ಯಂತ್ರವೂ ತಣ್ಣಗಿರುತ್ತದೆ. ಬದಲಿಸಲೇಬೇಕೆಂದಾದರೆ ಕಾರ್ಡಿನ ಬೆಲೆಯೊಂದನ್ನೇ ಲೆಕ್ಕ ಹಾಕಬೇಡಿ. 1650 ಸುಮಾರು 75 ವ್ಯಾಟ್‌ನದು, ಬಹಳಷ್ಟು ಮಾದರಿಗಳಿಗೆ ಬೇರೆ ಪವರ್ ತಂತಿಯೇ ಬೇಡ. ಅದಕ್ಕಿಂತ ದೊಡ್ಡ ಕಾರ್ಡ್‌ಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು, ನಿಮ್ಮ ಎಸ್‌ಎಂಪಿಎಸ್‌ಗೆ ಆ ಶಕ್ತಿ ಇಲ್ಲದಿದ್ದರೆ ಅದನ್ನೂ ಬದಲಿಸಬೇಕು, ಕಾರ್ಡಿನ ಉದ್ದ ಕ್ಯಾಬಿನೆಟ್‌ನಲ್ಲಿ ಹಿಡಿಸಬೇಕು. ಪೆಟ್ಟಿಗೆಯನ್ನೇ ಅಂಗಡಿಗೆ ಒಯ್ದು, ಹೊಸ ಕಾರ್ಡ್ ಹಾಕಿಸಿ, ತಮ್ಮ ಆಡುವ ಆಟವನ್ನೇ ಅರ್ಧ ಗಂಟೆ ಓಡಿಸಿ ತೋರಿಸುವಂತೆ ಕೇಳಿ. ತೋರಿಸಿದ ಮೇಲೆ ಹಣ ಕೊಡಿ.